ಯುದ್ಧ ಮಾಡಿ ಬಂದು ಯುದ್ಧ ಬೇಡವೆಂದವರು: ಒಬ್ಬ ಸೇನಾಧಿಕಾರಿಯ ನೆನಪುಗಳನ್ನು ದಾಖಲಿಸುವ ಬಗೆ

ಯುದ್ಧದಲ್ಲಿ ಮಡಿದವರನ್ನು ನೆನಪಿಟ್ಟುಕೊಳ್ಳುವ ವ್ಯವಸ್ಥೆ ಕರಾವಳಿಯಲ್ಲಿ ಹಿಂದಿನಿಂದಲೂ ಇದೆ. ಕೋಟಿ ಚೆನ್ನಯರಿಗೆ ಪಾಡ್ದನವಿದೆ, ಗರಡಿಗಳಿವೆ, ನೇಮವಿದೆ; ಹೆಸರೇ ಅಳಿಸಿಹೋದ ಯೋಧನಿಗೂ ಬಾರ್ಕೂರಿನ ಆಸುಪಾಸಿನಲ್ಲಿ ಒಂದು ವೀರಗಲ್ಲಾದರೂ ಉಳಿದಿದೆ; ನಮ್ಮ ಕಾಲದ ಸೈನಿಕರಿಗಾಗಿ ಮಂಗಳೂರಿನ ಕದ್ರಿಯಲ್ಲಿ ಯುದ್ಧ ಸ್ಮಾರಕವಿದೆ. ಆದರೆ ಹೋರಾಡಿ, ಬದುಕಿ ಮನೆಗೆ ಮರಳಿ, ಇನ್ನು ಮುಂದೆ ಯಾರೂ ಹೀಗೆ ಹೋರಾಡುವಂತಾಗಬಾರದು ಎಂದು ನಿರ್ಧರಿಸಿದವನಿಗೆ, ಕಾರ್ಕಳದಲ್ಲಿ 1432ರಿಂದಲೂ ವೇಣೂರಿನಲ್ಲಿ 1604ರಿಂದಲೂ ನಿಂತಿರುವ ಬಾಹುಬಲಿಯೊಬ್ಬನನ್ನು ಬಿಟ್ಟರೆ, ಅಂಥ ಸ್ಥಾನವೇನೂ ಸಿಕ್ಕಿಲ್ಲ. ಅಂಥವರ ಮಾತು ಹೆಚ್ಚಾಗಿ ಮನೆಯ ಚಾವಡಿಯಲ್ಲೇ ಹುಟ್ಟಿ ಅಲ್ಲಿಯೇ ಮುಗಿದುಹೋಗುತ್ತದೆ.

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಕಾಲೇಜುಗಳಲ್ಲಿ ಇತಿಹಾಸವನ್ನೋ ಪತ್ರಿಕೋದ್ಯಮವನ್ನೋ ಓದುತ್ತಿರುವವರು, ಊರಿನ ಚರಿತ್ರೆ ಬರೆಯುವ ಹವ್ಯಾಸವುಳ್ಳವರು, ಅಜ್ಜನ ಮಾತುಗಳನ್ನು ಉಳಿಸಿಕೊಳ್ಳಬೇಕೆಂದಿರುವ ಮೊಮ್ಮಕ್ಕಳು ಇಂಥ ಒಬ್ಬ ಅಧಿಕಾರಿಯ ನೆನಪುಗಳನ್ನು ಹೇಗೆ ದಾಖಲಿಸಬಹುದು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ. ಅಧಿಕಾರಿ ಯಾವ ಗಳಿಗೆಯಲ್ಲಿ ಬದಲಾದರು ಎಂಬ ಪ್ರಶ್ನೆ ಎಲ್ಲರಿಗೂ ಮೊದಲು ಹೊಳೆಯುತ್ತದೆ. ಬದಲಾಗಲು ಅವರಿಗೆ ಎಷ್ಟು ವರ್ಷ ಬೇಕಾಯಿತು, ಆ ವರ್ಷಗಳಲ್ಲಿ ಅವರು ಏನು ಮಾಡುತ್ತಿದ್ದರು ಎಂಬುದನ್ನು ಪತ್ತೆ ಹಚ್ಚುವುದೇ ದಾಖಲಿಸುವವರ ನಿಜವಾದ ಕೆಲಸ ಎಂಬುದು ನನ್ನ ಖಚಿತ ಅಭಿಪ್ರಾಯ. ಮುಂದೆ ಹೇಳುವ ವಿಧಾನವೆಲ್ಲ ಈ ಅಭಿಪ್ರಾಯದ ಮೇಲೆಯೇ ನಿಂತಿದೆ.

ಹೊರಡುವ ಮೊದಲಿನ ಓದು

ಧ್ವನಿಮುದ್ರಣ ಯಂತ್ರವನ್ನು ಕೈಗೆತ್ತಿಕೊಳ್ಳುವ ಮೊದಲು, ಹೀಗೆ ಬದಲಾದ ಕೆಲವರ ಜೀವನವನ್ನು ಇಸವಿಗಳ ಸಮೇತ ಓದಿಕೊಳ್ಳಬೇಕು. ಅಶೋಕನಿಂದಲೇ ಆರಂಭಿಸಬಹುದು. ಪಟ್ಟಾಭಿಷೇಕವಾಗಿ ಎಂಟು ವರ್ಷಗಳಾದ ಮೇಲೆ ಕಳಿಂಗವನ್ನು ಗೆದ್ದದ್ದನ್ನು, ಒಂದೂವರೆ ಲಕ್ಷ ಜನರನ್ನು ಸಾಗಿಸಿದ್ದನ್ನು, ಒಂದು ಲಕ್ಷ ಜನ ಹತರಾದದ್ದನ್ನು, ಅದಕ್ಕಾಗಿ ಪಟ್ಟ ಪಶ್ಚಾತ್ತಾಪವನ್ನು ಅವನ 13ನೆಯ ಬಂಡೆ ಶಾಸನ ಹೇಳುತ್ತದೆ. ಶಾಲೆಯ ಪಾಠ ಇಲ್ಲಿಗೆ ನಿಲ್ಲುತ್ತದೆ. ಆದರೆ ನಮ್ಮದೇ ರಾಜ್ಯದ ಮಸ್ಕಿ, ಬ್ರಹ್ಮಗಿರಿ ಮುಂತಾದೆಡೆ ಸಿಕ್ಕಿರುವ ಕಿರು ಬಂಡೆ ಶಾಸನದಲ್ಲಿ ಅವನೇ ಬೇರೊಂದು ಮಾತು ಹೇಳಿದ್ದಾನೆ: ತಾನು ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷಗಳಾದರೂ ಮೊದಮೊದಲು ಅಷ್ಟಾಗಿ ಶ್ರಮಿಸಲಿಲ್ಲ, ಬೌದ್ಧ ಸಂಘದ ಹತ್ತಿರಕ್ಕೆ ಬಂದು ವರ್ಷಕ್ಕಿಂತ ಹೆಚ್ಚಾದ ಮೇಲೆ ಚೆನ್ನಾಗಿ ಶ್ರಮಿಸುತ್ತಿದ್ದೇನೆ ಎಂಬುದು ಅದರ ತಾತ್ಪರ್ಯ. ಪಶ್ಚಾತ್ತಾಪವನ್ನು ಸಾರುವ ಅದೇ 13ನೆಯ ಶಾಸನದಲ್ಲಿ ಅಡವಿಯ ಜನರಿಗೆ, ನನಗೆ ಪರಿತಾಪವಿದ್ದರೂ ಶಿಕ್ಷಿಸುವ ಶಕ್ತಿಯೂ ಇದೆ ಎಂಬ ಎಚ್ಚರಿಕೆಯಿದೆ. ಕಳಿಂಗವನ್ನು ಹಿಂದಕ್ಕೆ ಕೊಟ್ಟ ಉಲ್ಲೇಖ ಎಲ್ಲಿಯೂ ಇಲ್ಲ. ಕಳಿಂಗದ ನೆಲವಾದ ಧೌಲಿ ಮತ್ತು ಜೌಗಡಗಳಲ್ಲಿ ಆ ಶಾಸನವನ್ನೇ ಕೆತ್ತಿಸಿಲ್ಲ. ಇದನ್ನೆಲ್ಲ ಬಿಟ್ಟು ಅಶೋಕನ ಕಥೆ ಹೇಳಿದರೆ ಅದು ನೀತಿಕಥೆಯಾಗುತ್ತದೆ, ಚರಿತ್ರೆಯಾಗುವುದಿಲ್ಲ.

ಟಾಲ್‌ಸ್ಟಾಯ್ ಎರಡನೆಯ ಪಾಠ. ಅವರು 1854 ಮತ್ತು 1855ರಲ್ಲಿ ಕ್ರಿಮಿಯಾ ಯುದ್ಧದ ಸೆವಾಸ್ತೋಪೋಲ್ ಮುತ್ತಿಗೆಯ ಸಮಯದಲ್ಲಿ ಫಿರಂಗಿ ದಳದ ಅಧಿಕಾರಿಯಾಗಿದ್ದರು, 1856ರಲ್ಲಿ ಸೇನೆಯನ್ನು ಬಿಟ್ಟರು. ಹಿಂಸೆಯನ್ನು ಪೂರ್ಣವಾಗಿ ನಿರಾಕರಿಸುವ ಅವರ ಬರಹಗಳು ಬಂದದ್ದು 1880ರ ದಶಕದಿಂದ ಈಚೆಗೆ. ನಡುವಿನ ಕಾಲು ಶತಮಾನದಲ್ಲಿ ಅವರು ಜಮೀನು ನೋಡಿಕೊಂಡರು, ಶಾಲೆ ನಡೆಸಿದರು, ಮದುವೆಯಾದರು, ಕಾದಂಬರಿಗಳನ್ನು ಬರೆದರು. ದಕ್ಷಿಣ ಆಫ್ರಿಕಾದಲ್ಲಿದ್ದ ಗಾಂಧೀಜಿ 1910ರಲ್ಲಿ ತಮ್ಮ ಆಶ್ರಮಕ್ಕೆ ಅವರ ಹೆಸರಿಟ್ಟಾಗ ಸೆವಾಸ್ತೋಪೋಲಿನ ಮುತ್ತಿಗೆ ಮುಗಿದು ಅರ್ಧ ಶತಮಾನ ದಾಟಿತ್ತು. ಯುದ್ಧಭೂಮಿಯಲ್ಲಿ ಕಂಡದ್ದು ಮನಸ್ಸಿನಲ್ಲಿ ಎಷ್ಟು ಕಾಲ ಸುಮ್ಮನೆ ಬಿದ್ದಿರಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ತಿಳಿದಿಲ್ಲ.

ಮೂರನೆಯದಾಗಿ, ಅಧಿಕಾರಿ ನಿರಾಕರಿಸುತ್ತಿರುವುದು ಏನನ್ನು ಎಂಬುದನ್ನು ಬಿಡಿಸಿ ನೋಡುವುದಕ್ಕೆ ಇನ್ನು ಕೆಲವರು ನೆರವಾಗುತ್ತಾರೆ. ಮೊದಲ ಮಹಾಯುದ್ಧದಲ್ಲಿ ಮಿಲಿಟರಿ ಕ್ರಾಸ್ ಪಡೆದಿದ್ದ ಬ್ರಿಟಿಷ್ ಅಧಿಕಾರಿ, ಕವಿ ಸೀಗ್‌ಫ್ರೀಡ್ ಸಸೂನ್ 1917ರಲ್ಲಿ ಯುದ್ಧವನ್ನು ವಿರೋಧಿಸಿ ಹೇಳಿಕೆ ನೀಡಿದರು. ಅದನ್ನು ಬ್ರಿಟಿಷ್ ಸಂಸತ್ತಿನಲ್ಲಿ ಓದಲಾಯಿತು. ಸೇನೆ ಅವರನ್ನು ವಿಚಾರಣೆಗೆ ಒಳಪಡಿಸದೆ, ಯುದ್ಧದ ಮಾನಸಿಕ ಆಘಾತಕ್ಕೆ ಒಳಗಾದ ಅಧಿಕಾರಿಗಳಿಗಾಗಿದ್ದ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಗೆ ಕಳುಹಿಸಿತು. ಅವರ ಆಕ್ಷೇಪವಿದ್ದದ್ದು ರಕ್ಷಣೆಗಾಗಿ ಆರಂಭವಾದ ಯುದ್ಧ ಆಕ್ರಮಣದ ಯುದ್ಧವಾಗಿ ಮಾರ್ಪಟ್ಟಿದೆ ಎಂಬುದಕ್ಕೆ. ಅದಾದ ಮೇಲೆ ಅವರು ರಣರಂಗಕ್ಕೇ ಮರಳಿದರು. ಅಮೆರಿಕದ ನೌಕಾ ಸೈನಿಕ ದಳದ ಸ್ಮೆಡ್ಲಿ ಬಟ್ಲರ್ ಎರಡು ಬಾರಿ ಮೆಡಲ್ ಆಫ್ ಆನರ್ ಪಡೆದು, 1931ರಲ್ಲಿ ಮೇಜರ್ ಜನರಲ್ ಆಗಿ ನಿವೃತ್ತರಾಗಿ, ಯುದ್ಧವೆಂಬುದು ಕೆಲವೇ ಜನರ ಲಾಭದ ದಂಧೆಯೆಂದು ಊರೂರು ಸುತ್ತಿ ಭಾಷಣ ಮಾಡಿದರು. ಆದರೂ ತಾಯ್ನೆಲದ ರಕ್ಷಣೆಗೆ ಸೇನೆ ಬೇಕೆಂಬುದನ್ನು ಅವರು ಅಲ್ಲಗಳೆಯಲಿಲ್ಲ. ನಮ್ಮ ದೇಶದ ಅಡ್ಮಿರಲ್ ರಾಮದಾಸ್ 1971ರ ಯುದ್ಧದಲ್ಲಿ ವೀರಚಕ್ರ ಪಡೆದವರು, 1990ರಿಂದ 1993ರವರೆಗೆ ನೌಕಾಪಡೆಯ ಮುಖ್ಯಸ್ಥರಾಗಿದ್ದವರು. ನಿವೃತ್ತಿಯ ನಂತರ ಅವರು ಅಣ್ವಸ್ತ್ರಗಳ ವಿರುದ್ಧವೂ ಭಾರತ ಪಾಕಿಸ್ತಾನಗಳ ಜನರ ನಡುವಿನ ಸ್ನೇಹಕ್ಕಾಗಿಯೂ ದುಡಿದರು. 2004ರ ಮ್ಯಾಗ್ಸೆಸೆ ಪ್ರಶಸ್ತಿಯನ್ನು ಪಾಕಿಸ್ತಾನದ ಇಬ್ನ್ ಅಬ್ದುರ್ ರೆಹಮಾನ್ ಅವರೊಡನೆ ಹಂಚಿಕೊಂಡರು.

ಶಾಂತಿವಾದಿಯೆಂದು ತಪ್ಪಾಗಿ ಎಣಿಸಬಹುದಾದವರೂ ಇದ್ದಾರೆ. ಬ್ರಿಟಿಷ್ ವಾಯುಪಡೆಯ ಲೆನರ್ಡ್ ಚೆಶೈರ್ 1945ರ ಆಗಸ್ಟ್ 9ರಂದು ನಾಗಸಾಕಿಯ ಮೇಲೆ ಬಾಂಬು ಬಿದ್ದುದನ್ನು ವಿಮಾನದಿಂದ ಕಣ್ಣಾರೆ ಕಂಡರು, ಮುಂದೆ ಅಂಗವಿಕಲರಿಗಾಗಿ ಭಾರತವೂ ಸೇರಿದಂತೆ ಹಲವು ದೇಶಗಳಲ್ಲಿ ಆಶ್ರಯಧಾಮಗಳು ಏಳಲು ಕಾರಣರಾದರು. ಈ ಎರಡು ಸಂಗತಿಗಳನ್ನು ಜೋಡಿಸಿ ಅವರನ್ನು ಯುದ್ಧವಿರೋಧಿಯಾಗಿ ಚಿತ್ರಿಸುವುದು ಸುಲಭ. ಆದರೆ ಅಣ್ವಸ್ತ್ರ ಇಟ್ಟುಕೊಳ್ಳುವುದನ್ನು ಅವರು ಕೊನೆಯವರೆಗೂ ಸಮರ್ಥಿಸಿದರು. ನೀವು ಭೇಟಿಯಾಗಲಿರುವ ಅಧಿಕಾರಿಯೂ ಎಲ್ಲ ಯುದ್ಧವನ್ನು ನಿರಾಕರಿಸುವವರೋ, ತಾವು ಹೋರಾಡಿದ ಒಂದು ಯುದ್ಧವನ್ನು ಮಾತ್ರ ತಪ್ಪೆನ್ನುವವರೋ, ಒಂದು ಬಗೆಯ ಅಸ್ತ್ರವನ್ನು ವಿರೋಧಿಸುವವರೋ, ಅಥವಾ ಕೇವಲ ದಣಿದು ಸೇವೆಯತ್ತ ಹೊರಳಿದವರೋ ಎಂಬುದನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಬೇಕಲ್ಲದೆ ನೀವಾಗಿ ತೀರ್ಮಾನಿಸಬಾರದು.

ಭೇಟಿ ಮಾಡುವುದು

ಇಂಥವರನ್ನು ಹುಡುಕುವುದಕ್ಕೆ ಪ್ರಕಟಣೆ ಹೊರಡಿಸಿದರೆ ಪ್ರಯೋಜನವಿಲ್ಲ. ಮಂಗಳೂರಿನಲ್ಲಿರುವ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿ, ಮಾಜಿ ಸೈನಿಕರ ಸಂಘಗಳು, ಮಿಲಿಟ್ರಿ ಕ್ಯಾಂಟೀನಿಗೆ ಬಂದುಹೋಗುವವರ ಪರಿಚಯ ಇವೇ ದಾರಿಗಳು. ವಿಳಾಸ ಕೊಡಿ ಎನ್ನದೆ, ನಿಮ್ಮ ಉದ್ದೇಶವನ್ನು ಬರೆದ ಒಂದು ಪತ್ರವನ್ನು ಅವರಿಗೆ ತಲಪಿಸಿ ಎಂದು ಕೇಳುವುದು ಸಭ್ಯತೆ. ಪತ್ರದಲ್ಲಿ ಯುದ್ಧವಿರೋಧ, ಅಹಿಂಸೆ ಮುಂತಾದ ಪದಗಳನ್ನು ಹಾಕದೆ, ಅವರ ಸೇವಾಜೀವನವನ್ನೂ ಅನಂತರದ ವಿಚಾರಗಳನ್ನೂ ಕೇಳಿಕೊಳ್ಳುವ ಇಚ್ಛೆಯಿದೆ ಎಂದಷ್ಟೇ ತಿಳಿಸಿದರೆ ಸಾಕು. ಯುದ್ಧದ ವಿರುದ್ಧದ ಮಾತನ್ನು ದೇಶದ ವಿರುದ್ಧದ ಮಾತೆಂದು ತಿಳಿಯುವವರು ನೆರೆಕರೆಯಲ್ಲಿ ಇರಬಹುದು. ಅಧಿಕಾರಿಯ ಮಗನೋ ಸೊಸೆಯೋ ಈಗಲೂ ಸೇನೆಯಲ್ಲಿರಬಹುದು. ಜರ್ಮನಿಯ ನೌಕಾಧಿಕಾರಿಯಾಗಿದ್ದು ಶಾಂತಿವಾದಿಯಾದ ಹಾನ್ಸ್ ಪಾಶೆ ಅವರನ್ನು 1920ರಲ್ಲಿ ಅವರ ಮನೆಯ ಬಳಿಯೇ ಸೈನಿಕರು ಗುಂಡಿಟ್ಟು ಕೊಂದರು. ಅಷ್ಟು ದೂರದ ಉದಾಹರಣೆಯನ್ನು ಇಲ್ಲಿಗೆ ಎಳೆದು ತರುವುದು ಅತಿಯಾಯಿತೆನ್ನಿಸಬಹುದಾದರೂ, ಈ ನಿಲುವಿಗೆ ಬೆಲೆ ತೆರಬೇಕಾಗುತ್ತದೆ ಎಂಬುದನ್ನು ಪತ್ರ ಬರೆಯುವಾಗ ಮರೆಯಬಾರದು.

ನಮ್ಮಲ್ಲಿ ಸೇನೆಯಲ್ಲಿದ್ದವರೆಲ್ಲರನ್ನೂ ಮಿಲಿಟ್ರಿಯವರು ಎಂದು ಒಟ್ಟಾಗಿ ಕರೆಯುವ ರೂಢಿಯಿದೆ. ದಾಖಲಿಸುವವರು ಹಾಗೆ ಮಾಡಬಾರದು. ಕಮಿಷನ್ ಪಡೆದ, ಎಂದರೆ ಅಧಿಕಾರಿಯಾಗಿಯೇ ನೇಮಕಗೊಂಡ ಲೆಫ್ಟಿನೆಂಟ್, ಕ್ಯಾಪ್ಟನ್, ಮೇಜರುಗಳಿಗೂ ಸಿಪಾಯಿಯಾಗಿ ಸೇರಿ ಮೇಲೇರಿದ ಸುಬೇದಾರರಿಗೂ ಯುದ್ಧದ ಅನುಭವ ಒಂದೇ ಆಗಿರುವುದಿಲ್ಲ: ಆಜ್ಞೆ ಕೊಟ್ಟವನ ಹೊಣೆ ಬೇರೆ, ಪಾಲಿಸಿದವನ ಹೊಣೆ ಬೇರೆ. 1962ರ ಯುದ್ಧದ ಬಳಿಕ ಎಮರ್ಜೆನ್ಸಿ ಕಮಿಷನ್ ಪಡೆದು, ಹೆಚ್ಚಿನ ಅನುಭವವಿಲ್ಲದೆಯೇ 1965ರ ಯುದ್ಧಕ್ಕೆ ಹೋಗಿ, ಕೆಲವೇ ವರ್ಷಗಳಲ್ಲಿ ಸೇನೆಯಿಂದ ಬಿಡುಗಡೆಯಾದ ಅಧಿಕಾರಿಗಳೂ ಇದ್ದರು. ಅವರಲ್ಲಿ ಬದುಕಿರುವವರಿಗೆ ಈಗ ಎಂಬತ್ತು ದಾಟಿದೆ. ಅಂಥವರು ಸಿಕ್ಕರೆ ಉಳಿದ ಕೆಲಸವನ್ನು ಬದಿಗಿಟ್ಟು ಅವರನ್ನೇ ಮೊದಲು ಕಾಣಬೇಕು.

ಮಳೆಗಾಲದಲ್ಲಿ ಧ್ವನಿಮುದ್ರಣ ಮಾಡಬಾರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಂಚಿನ ಮಾಡಿನ ಕೆಳಗಾಗಲಿ ತಗಡಿನ ಶೀಟಿನ ಕೆಳಗಾಗಲಿ ಮೆಲುದನಿಯ ಮಾತು ಉಳಿಯುವುದಿಲ್ಲ. ಮಳೆ ಮುಗಿದ ಮೇಲೆ ಮದುವೆ, ನೇಮ, ಯಕ್ಷಗಾನಗಳ ಧ್ವನಿವರ್ಧಕಗಳು ಶುರುವಾಗುತ್ತವೆ. ಆದ್ದರಿಂದ ಊರಿನ ಜಾತ್ರೆಯ ದಿನಗಳನ್ನು ಮೊದಲೇ ವಿಚಾರಿಸಿಕೊಂಡು, ಬೆಳಗ್ಗಿನ ಹೊತ್ತನ್ನು ಆರಿಸಿಕೊಳ್ಳುವುದು ಒಳ್ಳೆಯದು. ಹತ್ತು ಗಂಟೆಗೆ ಬರುತ್ತೇನೆಂದರೆ ಐದು ನಿಮಿಷ ಮೊದಲೇ ಅಂಗಳದಲ್ಲಿರಬೇಕು, ಸೇನೆಯಲ್ಲಿದ್ದವರು ಇದನ್ನು ಗಮನಿಸುತ್ತಾರೆ. ಫಿರಂಗಿ ದಳದಲ್ಲಿದ್ದವರಾದರೆ ಕಿವಿ ಮಂದವಾಗಿರುವುದು ಸಾಮಾನ್ಯ. ಯಾವ ಕಿವಿ ಚೆನ್ನಾಗಿ ಕೇಳುತ್ತದೆಂದು ತಿಳಿದು ಆ ಬದಿಗೆ ಕುಳಿತುಕೊಳ್ಳಬೇಕು.

ಭಾಷೆಯ ವಿಚಾರದಲ್ಲಿ ಹಟ ಬೇಡ. ನಮ್ಮ ಕಡೆಯ ಅಧಿಕಾರಿ ಬಾಲ್ಯವನ್ನು ತುಳುವಿನಲ್ಲೋ ಕೊಂಕಣಿಯಲ್ಲೋ ಬ್ಯಾರಿಯಲ್ಲೋ ಕುಂದಾಪುರ ಕನ್ನಡದಲ್ಲೋ ಹೇಳಿ, ಯುದ್ಧವನ್ನು ಹಿಂದಿ ಮತ್ತು ಇಂಗ್ಲಿಷಿನಲ್ಲಿ ಹೇಳುವುದು ಸಹಜ. ಯಾವ ಸಂಗತಿ ಬಂದಾಗ ಅವರು ಭಾಷೆ ಬದಲಿಸಿದರು ಎಂಬುದನ್ನು ಬದಿಯಲ್ಲಿ ಗುರುತು ಹಾಕಿಕೊಳ್ಳಬೇಕು. ಸತ್ತವರ ಮಾತು ಬಂದಾಗ ಮನೆಮಾತಿಗೆ ಮರಳಿದರೆ ಅದು ಕೂಡ ದಾಖಲೆಯೇ.

ಕೇಳುವ ಕ್ರಮ

ಮೊದಲ ದಿನ ಯುದ್ಧದ ಪ್ರಸ್ತಾಪವನ್ನೇ ಮಾಡದಿರುವುದು ಉತ್ತಮ. ಸೇನೆಗೆ ಸೇರಿದ್ದು ಯಾಕೆ, ಮನೆಯಲ್ಲಿ ಯಾರು ಬೇಡವೆಂದರು, ಡೆಹ್ರಾಡೂನಿನಲ್ಲೋ ಖಡಕ್‌ವಾಸ್ಲಾದಲ್ಲೋ ಚೆನ್ನೈಯಲ್ಲೋ ತರಬೇತಿಯ ಕಾಲದಲ್ಲಿ ಶತ್ರುವಿನ ಬಗ್ಗೆ ಏನು ಕಲಿಸಿದರು ಎಂಬಲ್ಲಿಂದ ಆರಂಭಿಸಬೇಕು. ಯಾಕೆ ಬದಲಾದಿರಿ ಎಂದು ನೇರವಾಗಿ ಕೇಳಿದರೆ, ವರ್ಷಗಳಿಂದ ಹೇಳಿ ಹೇಳಿ ನಯವಾದ ಉತ್ತರವೊಂದು ಹೊರಬರುತ್ತದೆ; ಅದರಲ್ಲಿ ಸಾಮಾನ್ಯವಾಗಿ ಒಂದು ಹೆಣ, ಒಂದು ಹೆಣದ ಜೇಬಿನಲ್ಲಿದ್ದ ಫೋಟೊ ಇರುತ್ತದೆ. ಅದು ಸುಳ್ಳೆಂದಲ್ಲ, ಆದರೆ ಅದರ ಹಿಂದೆಯೂ ಮುಂದೆಯೂ ಇರುವುದೇ ನಮಗೆ ಬೇಕಾದದ್ದು.

ವಸ್ತುಗಳನ್ನೂ ಕೆಲಸಗಳನ್ನೂ ಹಿಡಿದು ಕೇಳಿದರೆ ಮಾತು ಆಳಕ್ಕೆ ಇಳಿಯುತ್ತದೆ. ಕಂಪೆನಿಯ ಮುಖ್ಯಸ್ಥರಾಗಿದ್ದವರು ಮಡಿದ ಸೈನಿಕರ ಮನೆಗಳಿಗೆ ಪತ್ರ ಬರೆಯಬೇಕಾಗಿತ್ತು: ಆ ಪತ್ರದಲ್ಲಿ ಏನನ್ನು ಬರೆದಿರಿ, ಏನನ್ನು ಬಿಟ್ಟಿರಿ ಎಂದು ಕೇಳಬಹುದು. ಸೆರೆಸಿಕ್ಕ ಎದುರಾಳಿಗಳನ್ನು ಹೇಗೆ ನೋಡಿಕೊಂಡಿರಿ, ಕದನವಿರಾಮದ ಮರುದಿನ ಏನು ಮಾಡಿದಿರಿ, ಊರಿಗೆ ಬಂದಾಗ ಬಸ್‌ಸ್ಟ್ಯಾಂಡಿನಲ್ಲಿ ಜನ ಏನು ಕೇಳಿದರು, ಯಾವ ವರ್ಷದಿಂದ ಪದಕಗಳನ್ನು ಪೆಟ್ಟಿಗೆಯಲ್ಲಿಟ್ಟಿರಿ ಅಥವಾ ಈಗಲೂ ಧರಿಸುತ್ತೀರಾ ಎಂಬ ಪ್ರಶ್ನೆಗಳು ಸಣ್ಣವು, ಆದರೆ ಇಸವಿಯನ್ನು ಹೊರಗೆಳೆಯುತ್ತವೆ. ಡಿಸೆಂಬರ್ 16ರ ವಿಜಯ ದಿವಸದಂದು ಪದಕ ಧರಿಸಿ ಕದ್ರಿಯ ಸ್ಮಾರಕಕ್ಕೆ ಹೋಗಿ ಸೆಲ್ಯೂಟ್ ಹೊಡೆದು ಬರುವ ಅಧಿಕಾರಿ, ಮನೆಗೆ ಬಂದು ಯುದ್ಧ ಪಾಪ ಎನ್ನುವುದರಲ್ಲಿ ವಿರೋಧವೇನೂ ಇಲ್ಲ. ಸೆಲ್ಯೂಟ್ ಜೊತೆಗಾರರಿಗೆ, ಮಾತು ಯುದ್ಧಕ್ಕೆ. ಸಸೂನ್ ರಣರಂಗಕ್ಕೆ ಮರಳಿದ್ದನ್ನು ಇಲ್ಲಿ ನೆನೆಯಬೇಕು.

ತಾಳಮದ್ದಳೆಯ ಅರ್ಥಧಾರಿಯಂತೆ ಎದುರು ವಾದ ಹೂಡಿ ಅವರನ್ನು ಗೆಲ್ಲುವ ಚಪಲ ನಮ್ಮ ಊರಿನವರಿಗೆ ಸ್ವಲ್ಪ ಹೆಚ್ಚೇ. ಹಾಗಾದರೆ ಗಡಿಯನ್ನು ಯಾರು ಕಾಯಬೇಕು ಎಂಬ ಪ್ರಶ್ನೆಯನ್ನು ಅವರು ನೂರು ಸಲ ಕೇಳಿಸಿಕೊಂಡಿರುತ್ತಾರೆ. ಅದನ್ನು ಕೇಳಲೇಬೇಕೆಂದಿದ್ದರೆ ಕೊನೆಯ ದಿನ, ಅವರ ಉತ್ತರವನ್ನು ತಿದ್ದುವ ಇರಾದೆಯಿಲ್ಲದೆ ಕೇಳಬೇಕು.

ಹೆಂಡತಿ ಮತ್ತು ಮಕ್ಕಳನ್ನು ಪ್ರತ್ಯೇಕವಾಗಿ ಮಾತನಾಡಿಸುವುದು ಅಗತ್ಯ. ರಾತ್ರಿ ಎಚ್ಚರಗೊಂಡು ಕೂರುತ್ತಿದ್ದದ್ದು, ದೀಪಾವಳಿಯ ಪಟಾಕಿಗೆ ಒಳಮನೆ ಸೇರುತ್ತಿದ್ದದ್ದು, ಯಾವ ವರ್ಷದಿಂದ ಸುದ್ದಿ ಕೇಳುವುದನ್ನು ನಿಲ್ಲಿಸಿದರು ಎಂಬುದು ಅವರಿಗೆ ಗೊತ್ತಿರುತ್ತದೆ. ಪತ್ರಗಳನ್ನು ಜೋಪಾನ ಮಾಡಿದವರೂ ಅವರೇ. ಮಾತಿನ ನಡುವೆ ಅಧಿಕಾರಿಯ ಉಸಿರು ಕಟ್ಟಿದರೆ, ಕೈ ನಡುಗಿದರೆ, ಯಂತ್ರವನ್ನು ನಿಲ್ಲಿಸಿ ನೀರು ಕೊಟ್ಟು ಬೇರೆ ಮಾತಿಗೆ ಹೊರಳಬೇಕು; ಅಂದಿನ ದಿನಕ್ಕೆ ಅಷ್ಟೇ. ಕನ್ನಡದಲ್ಲಿಯೂ ಮಾತನಾಡುವ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ ಸಂಖ್ಯೆ 14416 ಅನ್ನು ಮನೆಯವರ ಬಳಿ ಬರೆದಿಟ್ಟು ಬರುವುದು ಕ್ಷೇಮ.

ಕಾನೂನಿನ ಮಾತನ್ನು ಧ್ವನಿಮುದ್ರಣ ಆರಂಭವಾಗುವುದಕ್ಕೆ ಮುಂಚೆಯೇ ಆಡಿಬಿಡಬೇಕು. 1923ರ ಅಧಿಕೃತ ರಹಸ್ಯಗಳ ಕಾಯ್ದೆ ನಿವೃತ್ತಿಯೊಂದಿಗೆ ಮುಗಿಯುವುದಿಲ್ಲ. ಸಂಕೇತಗಳು, ಈಗಲೂ ಬಳಕೆಯಲ್ಲಿರುವ ಶಸ್ತ್ರಗಳ ವಿವರ, ಗಡಿಯ ನೆಲೆಗಳು ನಮಗೆ ಬೇಡ. ಅದಕ್ಕಿಂತ ಕಷ್ಟದ ಇನ್ನೊಂದು ವಿಷಯವಿದೆ. ಭಾರತೀಯ ಶಾಂತಿಪಾಲನಾ ಪಡೆ 1987ರ ಜುಲೈಯಿಂದ 1990ರ ಮಾರ್ಚ್‌ವರೆಗೆ ಶ್ರೀಲಂಕಾದಲ್ಲಿತ್ತು. ಅಲ್ಲಿದ್ದವರು, ಅಥವಾ ಬೇರೆಡೆ ಜನವಸತಿಯ ನಡುವೆ ಕಾರ್ಯಾಚರಣೆ ನಡೆಸಿದವರು, ನಿಶ್ಶಸ್ತ್ರರ ಸಾವಿನ ಬಗ್ಗೆ ಏನಾದರೂ ಹೇಳಿಕೊಳ್ಳಬಹುದು. ಅದನ್ನು ಗುಟ್ಟಾಗಿಡುತ್ತೇವೆಂಬ ಭರವಸೆಯನ್ನು ಕಾನೂನಿನ ಎದುರು ಉಳಿಸಿಕೊಳ್ಳಲು ನಮ್ಮಿಂದಾಗದು, ಆದ್ದರಿಂದ ಅಂಥ ಭರವಸೆ ಕೊಡಬಾರದು. ಈ ಮಾತನ್ನು ಮೊದಲೇ ತಿಳಿಸಿ, ಹೇಳುವುದೋ ಬಿಡುವುದೋ ಅವರ ನಿರ್ಧಾರಕ್ಕೇ ಬಿಡಬೇಕು.

ಕಾಗದಗಳು ಮತ್ತು ತಾಳೆ ನೋಡುವುದು

ಎಂಬತ್ತರ ವಯಸ್ಸಿನಲ್ಲಿ ಎರಡು ಯುದ್ಧಗಳು ಒಂದಕ್ಕೊಂದು ಬೆರೆತುಹೋಗುವುದುಂಟು. 1965ರ ಯುದ್ಧದಲ್ಲಿ ಕದನವಿರಾಮ ಬಂದದ್ದು ಸೆಪ್ಟೆಂಬರ್ 23ಕ್ಕೆ, 1971ರದ್ದು ಡಿಸೆಂಬರ್ 3ರಿಂದ 16ರವರೆಗೆ, ಕಾರ್ಗಿಲ್‌ನದ್ದು 1999ರ ಮೇಯಿಂದ ಜುಲೈವರೆಗೆ. ಚಳಿಯ ಮಾತು, ಬೆಳೆಯ ಮಾತು ಬಂದಾಗ ಈ ತಿಂಗಳುಗಳೊಡನೆ ಹೋಲಿಸಿ ನೋಡಬೇಕು. ಪಿಂಚಣಿ ಆದೇಶದಲ್ಲಿ ಸೇವಾವಧಿ ಇರುತ್ತದೆ. ಶೌರ್ಯ ಪ್ರಶಸ್ತಿಗಳು ಭಾರತದ ರಾಜಪತ್ರದಲ್ಲಿ ಪ್ರಕಟವಾಗಿರುತ್ತವೆ. ಯುದ್ಧರಂಗದಿಂದ ಬಂದ ಪತ್ರಗಳಲ್ಲಿ 56 ಎ.ಪಿ.ಒ. (ಸೇನಾ ಅಂಚೆ ಕಚೇರಿ) ಅಥವಾ 99 ಎ.ಪಿ.ಒ. ಎಂದಷ್ಟೇ ವಿಳಾಸವಿದ್ದು ಸ್ಥಳದ ಹೆಸರು ಇರುವುದಿಲ್ಲವಾದರೂ, ಮೊಹರಿನಲ್ಲಿರುವ ದಿನಾಂಕ ಮತ್ತು ಫೀಲ್ಡ್ ಪೋಸ್ಟ್ ಆಫೀಸಿನ ಸಂಖ್ಯೆ ಉಪಯೋಗಕ್ಕೆ ಬರುತ್ತವೆ. ಕಾರ್ಯಾಚರಣೆಗಳ ದಾಖಲೆಗಳನ್ನು ಸಾಮಾನ್ಯವಾಗಿ 25 ವರ್ಷಗಳೊಳಗೆ ಗೋಪ್ಯತೆಯಿಂದ ಮುಕ್ತಗೊಳಿಸಬೇಕೆಂಬ ನೀತಿಯನ್ನು ರಕ್ಷಣಾ ಸಚಿವಾಲಯ 2021ರಲ್ಲಿ ಪ್ರಕಟಿಸಿತು. ದೂರದ ದಾರಿಯಾದರೂ ಸಂಶೋಧನೆ ಮಾಡುವವರು ಅದನ್ನು ಬಳಸಬಹುದು. ಯುದ್ಧದ ದಿನಗಳಲ್ಲಿ ಊರು ಏನು ಮಾತನಾಡುತ್ತಿತ್ತು ಎಂಬುದಕ್ಕೆ ಮಂಗಳೂರಿನ ನವಭಾರತ, ಮಣಿಪಾಲದ ಉದಯವಾಣಿಗಳ ಹಳೆಯ ಸಂಚಿಕೆಗಳನ್ನು ಗ್ರಂಥಾಲಯಗಳಲ್ಲಿ ಹುಡುಕಬೇಕು.

ಕರಾವಳಿಯ ತೇವಕ್ಕೆ ಕಾಗದ ಬಹಳ ಬೇಗ ಬೂಸ್ಟು ಹಿಡಿಯುತ್ತದೆ. ಹಳೆಯ ಫೋಟೊ, ಪತ್ರಗಳಿಗೆ ಅಂಟುಪಟ್ಟಿ ಹಚ್ಚುವುದು, ಲ್ಯಾಮಿನೇಟ್ ಮಾಡಿಸುವುದು ಎರಡೂ ಸಲ್ಲದು. ಹಗಲಿನ ಬೆಳಕಿನಲ್ಲಿ ಫ್ಲ್ಯಾಶ್ ಇಲ್ಲದೆ ಅಲ್ಲಿಯೇ ಚಿತ್ರ ತೆಗೆದುಕೊಂಡು, ಮೂಲವನ್ನು ಅದೇ ದಿನ ಹಿಂತಿರುಗಿಸಬೇಕು.

ಬರೆಯುವಾಗ

ಹಿಂಸೆಯಿಂದ ಅಹಿಂಸೆಗೆ ಎಂಬಂಥ ತಲೆಬರಹ ಕೈಗೆ ಬಂದರೆ ಹೊಡೆದುಹಾಕಿ. ಬರಹವನ್ನು ಇಸವಿಗಳ ಮೇಲೆ ಕಟ್ಟಬೇಕು, ಹಿಂದಕ್ಕೂ ಮುಂದಕ್ಕೂ ಹೋದದ್ದನ್ನು ಹಾಗೆಯೇ ಉಳಿಸಬೇಕು. ಬೋಯರ್ ಯುದ್ಧದಲ್ಲಿ ಗಾಯಾಳುಗಳನ್ನು ಹೊತ್ತ ಗಾಂಧೀಜಿ 1918ರಲ್ಲಿ ಖೇಡಾ ಜಿಲ್ಲೆಯಲ್ಲಿ ಬ್ರಿಟಿಷ್ ಸೇನೆಗೆ ಜನರನ್ನು ಸೇರಿಸಲು ಹಳ್ಳಿ ಹಳ್ಳಿ ಸುತ್ತಿದ್ದರು. ಅದಾಗಿ ಎರಡು ವರ್ಷಕ್ಕೆ, 1920ರ ಆಗಸ್ಟ್‌ನಲ್ಲಿ, ಅಸಹಕಾರದ ಸಂದೇಶ ಹೊತ್ತು ಮಂಗಳೂರಿಗೆ ಬಂದರು. ಮಹಾತ್ಮರ ಚರಿತ್ರೆಯಲ್ಲಿಯೇ ಇಷ್ಟು ತಿರುವುಗಳಿರುವಾಗ ನಮ್ಮ ಕರ್ನಲ್ ಒಬ್ಬರು 1971ರ ನಂತರ ಇನ್ನೂ ಹದಿನೈದು ವರ್ಷ ಸೇವೆಯಲ್ಲಿದ್ದರೆ, ಕಾರ್ಗಿಲ್ ಸಮಯದಲ್ಲಿ ಟಿವಿಯ ಮುಂದೆ ಕುಳಿತು ತಮ್ಮ ರೆಜಿಮೆಂಟಿನ ಗೆಲುವಿಗೆ ಹಿಗ್ಗಿದ್ದರೆ, ಅದನ್ನು ಮರೆಮಾಚುವ ಅಗತ್ಯವಿಲ್ಲ.

ಅವರ ಮಾತನ್ನು ಗ್ರಾಂಥಿಕ ಕನ್ನಡಕ್ಕೆ ತಿದ್ದಬಾರದು. ಸಾಕು ಮಾರಾಯ್ರೆ ಎಂದಿದ್ದರೆ ಹಾಗೆಯೇ ಇರಲಿ. ಮಡಿದ ಸೈನಿಕರ ಹೆಸರು ಬಂದಲ್ಲಿ, ಅವರ ಮನೆಯವರಿಗೆ ಹೇಳಿದ್ದಕ್ಕಿಂತ ಬೇರೆ ರೀತಿಯ ಸಾವಿನ ವಿವರವಿದ್ದರೆ, ಹೆಸರನ್ನು ತೆಗೆಯಬೇಕು. ಆ ಮನೆಯವರು ನಿಮ್ಮ ಬರಹದ ಮೂಲಕ ಅದನ್ನು ತಿಳಿಯುವಂತಾಗಬಾರದು.

ಲಿಪ್ಯಂತರವನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸಿ ಅಧಿಕಾರಿಗೆ ಕೊಟ್ಟು, ಓದಲು ಬೇಕಾದಷ್ಟು ಸಮಯ ಬಿಟ್ಟು, ಅವರು ಗೆರೆ ಎಳೆದದ್ದನ್ನು ಪ್ರಶ್ನಿಸದೆ ತೆಗೆದುಹಾಕಬೇಕು. ಈಗಲೇ ಪ್ರಕಟಿಸಬಹುದೋ, ತಮ್ಮ ಕಾಲಾನಂತರವೋ, ಹೆಸರಿನೊಡನೆಯೋ ಹೆಸರಿಲ್ಲದೆಯೋ ಎಂಬುದನ್ನು ಅವರ ಸಹಿಯಿರುವ ಒಪ್ಪಿಗೆ ಪತ್ರದಲ್ಲಿ ಬರೆಸಿಕೊಂಡು, ಅದರ ಒಂದು ಪ್ರತಿಯನ್ನು ಅವರ ಬಳಿಯೇ ಬಿಡಬೇಕು. ಧ್ವನಿಯ ಮೂಲ ಕಡತವನ್ನು ಕುಗ್ಗಿಸದೆ ಮೂರು ಕಡೆ ಇಡಬೇಕು: ಒಂದು ಮನೆಯವರ ಹತ್ತಿರ, ಒಂದು ನಿಮ್ಮ ಹತ್ತಿರ, ಇನ್ನೊಂದು ಸಂಸ್ಥೆಯೊಂದರಲ್ಲಿ. ಉಡುಪಿಯ ಎಂ.ಜಿ.ಎಂ. ಕಾಲೇಜಿನ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ ಅಥವಾ ನಿಮ್ಮದೇ ಕಾಲೇಜಿನ ಗ್ರಂಥಾಲಯದಲ್ಲಿ ಇಂಥದ್ದನ್ನು ಸ್ವೀಕರಿಸುತ್ತಾರೆಯೇ ಎಂದು ಮೊದಲೇ ವಿಚಾರಿಸಿ, ಕಾಲಾನಂತರವೇ ತೆರೆಯಬೇಕೆಂಬ ಷರತ್ತು ಇದ್ದರೆ ಅದನ್ನು ಲಕೋಟೆಯ ಮೇಲೆಯೇ ಬರೆದು, ಸ್ವೀಕರಿಸಿದವರಿಂದ ರಶೀದಿ ಪಡೆದುಕೊಳ್ಳಬೇಕು.